ಬ್ಯಾಂಡ್ ಸ್ಟುಡಿಯೊಗೆ ಸಾಮಾನು: ಯಾವುದು ಮೊದಲು, ಯಾವುದು ಆಮೇಲೆ

ಬೆಳಗಾವಿಯಲ್ಲಿ ಗಣಪತಿ ಹಬ್ಬಕ್ಕೆ, ಮದುವೆಗೆ ನುಡಿಸುವ ಬ್ಯಾಂಡ್‌ಗಳ ಹತ್ತಿರ ಒಂದು ಮಿಕ್ಸರ್, ನಾಲ್ಕೈದು ಮೈಕು, ಎರಡು ದೊಡ್ಡ ಸ್ಪೀಕರ್ ಇದ್ದೇ ಇರುತ್ತವೆ. ಸ್ವಂತ ಹಾಡು ರೆಕಾರ್ಡ್ ಮಾಡೋಣ ಅಂತ ಹೊರಟಾಗ ಇಷ್ಟು ಸಾಕಲ್ವಾ ಅಂತ ಕೇಳುತ್ತಾರೆ. ಅರ್ಧ ಸಾಕು. ಮೈಕು, ಸ್ಟ್ಯಾಂಡು, ಕೇಬಲ್ಲು ಹಾಗೇ ಕೆಲಸಕ್ಕೆ ಬರುತ್ತವೆ. ಮಿಕ್ಸರ್ ಬರುವುದು ಕಷ್ಟ.

ಅದರಲ್ಲಿ ಯುಎಸ್‌ಬಿ ಇದೆಯಲ್ಲ ಅನ್ನಬಹುದು. ಇದೆ, ಆದರೆ ಕಡಿಮೆ ಬೆಲೆಯ ಬಹಳಷ್ಟು ಮಿಕ್ಸರ್‌ಗಳಲ್ಲಿ 12 ಚಾನೆಲ್ ಇದ್ದರೂ ಕಂಪ್ಯೂಟರ್‌ಗೆ ಹೋಗುವುದು ಎಡ-ಬಲ ಎರಡೇ ಟ್ರ್ಯಾಕ್. ಡ್ರಮ್ಸು, ಬೇಸು, ಹಾಡು ಎಲ್ಲ ಅದರಲ್ಲೇ ಕಲೆತು ಹೋಗಿರುತ್ತವೆ, ಆಮೇಲೆ ಹಾಡಿನ ದನಿ ಮಾತ್ರ ಸ್ವಲ್ಪ ಏರಿಸೋಣ ಅಂದರೆ ದಾರಿಯೇ ಇಲ್ಲ. ಪ್ರತಿ ಮೈಕಿಗೂ ಬೇರೆ ಬೇರೆ ಟ್ರ್ಯಾಕ್ ಬೇಕು. ಅದನ್ನು ಕೊಡುವುದು ಆಡಿಯೊ ಇಂಟರ್‌ಫೇಸ್, ಅಂದರೆ ಮೈಕಿನ ಸದ್ದನ್ನು ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ.

ಇಂಟರ್‌ಫೇಸ್ ತಗೊಳ್ಳುವ ಮೊದಲು ಬ್ಯಾಂಡಿನವರೆಲ್ಲ ಕೂತು ಒಂದೇ ವಿಷಯ ತೀರ್ಮಾನ ಮಾಡಿ: ಎಲ್ಲರೂ ಒಟ್ಟಿಗೆ ನುಡಿಸುತ್ತೀರಾ, ಒಬ್ಬೊಬ್ಬರೇ ನುಡಿಸುತ್ತೀರಾ? ಉಳಿದ ಖರ್ಚೆಲ್ಲ ಇದರ ಮೇಲೆ ನಿಂತಿದೆ. ಒಬ್ಬೊಬ್ಬರೇ ಅಂದರೆ, ಡ್ರಮ್ಸ್ ಬದಲು ಕೀಬೋರ್ಡು ಅಥವಾ ಎಲೆಕ್ಟ್ರಾನಿಕ್ ಪ್ಯಾಡ್ ಇದ್ದರೆ, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತರಹದ ಎರಡು ಇನ್‌ಪುಟ್‌ನದ್ದು (ಮೈಕಿನ ಕೇಬಲ್ಲು ಚುಚ್ಚುವ ಜಾಗ) ಸಾಕು. ನಿಜವಾದ ಡ್ರಮ್ಸ್ ಇದ್ದರೆ ಕಮ್ಮಿ ಅಂದರೂ ನಾಲ್ಕು ಬೇಕು, ಬೆರಿಂಜರ್ ಯುಎಂಸಿ404ಎಚ್‌ಡಿ ಆ ಲೆಕ್ಕಕ್ಕೆ ಸರಿಯಾಗುತ್ತದೆ. ಎಲ್ಲರೂ ಒಟ್ಟಿಗೆ ಅಂದರೆ ಎಂಟು. ಇಲ್ಲಿ ಜಿಪುಣತನ ಬೇಡ, ಮೈಕನ್ನು ಗೆಳೆಯರಿಂದ ಒಂದು ದಿನಕ್ಕೆ ಕಡ ತರಬಹುದು, ಇಂಟರ್‌ಫೇಸ್‌ಗೆ ಇನ್‌ಪುಟ್ ಕಡ ತರೋಕಾಗಲ್ಲ.

ಮೈಕಿನ ವಿಷಯದಲ್ಲಿ ನನ್ನ ಮಾತು ಬಹಳ ಜನರಿಗೆ ಹಿಡಿಸುವುದಿಲ್ಲ. ಸ್ಟುಡಿಯೊ ಅಂದ ತಕ್ಷಣ ಕಂಡೆನ್ಸರ್ ಮೈಕ್ ತರುತ್ತಾರೆ. ಅದು ಸೂಕ್ಷ್ಮ, ಒಳ್ಳೆಯ ಕೋಣೆಯಲ್ಲಿ ಬಹಳ ಚೆಂದ. ಆದರೆ ವಡಗಾವಿ, ಖಾಸಬಾಗದಲ್ಲಿ ಪಕ್ಕದ ಗೋಡೆಯಾಚೆ ಪವರ್‌ಲೂಮ್ ಖಟಾಖಟ ಅಂತಿದ್ದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ರೆಕಾರ್ಡ್ ಮಾಡುತ್ತದೆ. ಅಂಥ ಮನೆಯಲ್ಲಿ ಅಷ್ಟು ಸೂಕ್ಷ್ಮವಲ್ಲದ, ಸ್ಟೇಜಿನಲ್ಲಿ ಬಳಸುವ ಡೈನಾಮಿಕ್ ಮೈಕೇ ಲೇಸು. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇವತ್ತಿಗೂ ಹಾಡುವವರ ಕೈಯಲ್ಲಿದೆ, ಅದರ ಅಣ್ಣ ಎಸ್‌ಎಂ57 ಸ್ನೇರ್‌ಗೂ (ಡ್ರಮ್ಸ್‌ನಲ್ಲಿ ಚಟ್ ಅನ್ನುವ ಚಿಕ್ಕ ಡ್ರಮ್) ಗಿಟಾರ್ ಆಂಪ್‌ಗೂ ಆಗುತ್ತದೆ. ಬಾಯಿಗೆ ನಾಲ್ಕು ಬೆರಳು ದೂರದಲ್ಲಿಟ್ಟು ಹಾಡಿದರೆ ಹೊರಗಿನ ಸದ್ದು ತುಂಬಾ ಹಿಂದೆ ಸರಿಯುತ್ತದೆ. ಕಂಡೆನ್ಸರ್ ತಂದರೂ ಅದಕ್ಕೆ ಇಂಟರ್‌ಫೇಸ್‌ನಿಂದ ಮೈಕಿನ ಕೇಬಲ್ಲಿನಲ್ಲೇ ಹೋಗುವ ಕರೆಂಟು, 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು, ಮತ್ತೆ ನಮ್ಮ ಬೆಳಗಾವಿಯ ಮಳೆಗಾಲ ಗೊತ್ತಲ್ಲ, ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಡ್ರಮ್ಸ್‌ಗೆ ಎಂಟು ಮೈಕ್ ಬೇಕೇಬೇಕು ಅಂತೇನಿಲ್ಲ. ಇಂಗ್ಲೆಂಡಿನ ರೆಕಾರ್ಡಿಂಗ್ ಎಂಜಿನಿಯರ್ ಗ್ಲಿನ್ ಜಾನ್ಸ್ ಮೂರು-ನಾಲ್ಕು ಮೈಕಿನಲ್ಲೇ ಮಾಡುತ್ತಿದ್ದ ಪದ್ಧತಿ ಇದೆ. ಒಂದು ಕಾಲಲ್ಲಿ ಬಾರಿಸುವ ದೊಡ್ಡ ಕಿಕ್ ಡ್ರಮ್ ಮುಂದೆ, ಒಂದು ಸ್ನೇರ್ ಹತ್ತಿರ, ಒಂದು ತಲೆಯ ಮೇಲೆ, ಇನ್ನೊಂದು ಪಕ್ಕದಲ್ಲಿ, ನೆಲದ ಮೇಲೆ ನಿಲ್ಲುವ ಟಾಮ್ ಡ್ರಮ್ ಕಡೆಯಿಂದ. ಮೇಲಿನದೂ ಪಕ್ಕದ್ದೂ ಸ್ನೇರ್‌ನಿಂದ ಒಂದೇ ದೂರದಲ್ಲಿರಬೇಕು. ಕಣ್ಣಂದಾಜು ಬೇಡ. ಸ್ನೇರ್‌ನ ನಡುವೆ ನೂಲಿನ ಒಂದು ತುದಿ ಬೆರಳಲ್ಲಿ ಒತ್ತಿಹಿಡಿದು, ಇನ್ನೊಂದು ತುದಿ ಮೇಲಿನ ಮೈಕಿಗೆ ಮುಟ್ಟಿಸಿ ಗಂಟು ಹಾಕಿ, ಅದೇ ಗಂಟನ್ನು ಪಕ್ಕದ ಮೈಕಿಗೆ ತಂದು ನೋಡಿ. ಗಂಟು ಮುಟ್ಟದಿದ್ದರೆ ಸ್ಟ್ಯಾಂಡ್ ಸರಿಸಿ. ದೂರ ಹೆಚ್ಚುಕಮ್ಮಿ ಆದರೆ ಎರಡು ಮೈಕಿನ ಸದ್ದು ಒಂದನ್ನೊಂದು ತಿನ್ನುತ್ತದೆ, ಸ್ನೇರ್ ಸೊರಗಿದಂತೆ ಕೇಳಿಸುತ್ತದೆ.

ಇನ್ನು ಕೋಣೆ. ಮೊಟ್ಟೆ ಟ್ರೇ ಅಂಟಿಸಬೇಡಿ, ಹೊರಗಿನ ಸದ್ದು ಅದರಿಂದ ನಿಲ್ಲಲ್ಲ, ಒಳಗಿನ ಬೇಸ್ ಗದ್ದಲವೂ ಕಮ್ಮಿ ಆಗಲ್ಲ. 10 ಅಡಿಗೆ 10 ಅಡಿ ಚೌಕ ಕೋಣೆಯಲ್ಲಿ ಸುಮಾರು 56 ಹರ್ಟ್ಸ್ ಹತ್ತಿರದ ಸ್ವರ ಎರಡೂ ಜೋಡಿ ಗೋಡೆಗಳ ನಡುವೆ ಒಟ್ಟಿಗೆ ಗುಂಯ್ಗುಡುತ್ತದೆ, ಬೇಸ್ ಗಿಟಾರಿನ ಎ ತಂತಿ ಸರಿಯಾಗಿ ಅಲ್ಲೇ ಬರುತ್ತದೆ. ಆದಷ್ಟು ಚೌಕವಲ್ಲದ ಕೋಣೆ ಆರಿಸಿ. ಹಾಡುವವರ ಹಿಂದೆ ಮನೆಯ ದಪ್ಪ ಕೌದಿ ಎರಡು ಮೂರು, ಗೋಡೆಗೆ ಒತ್ತಿ ಅಲ್ಲ, ಒಂದು ಗೇಣು ಬಿಟ್ಟು ತೂಗುಹಾಕಿ. ಮೂಲೆಗೆ ಗಾದಿ ನಿಲ್ಲಿಸಿ. ದುಡ್ಡು ಇದ್ದರೆ ಮುಂದೆ ರಾಕ್‌ವೂಲ್ (ಸದ್ದು ಹೀರುವ, ಕಲ್ಲಿನ ನಾರಿನ) ಹಾಳೆಗಳನ್ನು ಬಟ್ಟೆ ಸುತ್ತಿದ ಚೌಕಟ್ಟಿನಲ್ಲಿ ಹಾಕಿಸಿ, ಬರಿಗೈಯಲ್ಲಿ ಮುಟ್ಟಿದರೆ ತುರಿಕೆ ಬರುತ್ತದೆ, ಹುಷಾರು.

ಕರೆಂಟಿನ ಕಡೆ ಬಹಳ ಜನ ನೋಡುವುದೇ ಇಲ್ಲ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಯಲ್ಲಿ ಎಷ್ಟು ದುಬಾರಿ ಇಂಟರ್‌ಫೇಸ್ ತಂದರೂ ಗುಂಯ್ ಅನ್ನುವ ಹಮ್ ಬರುತ್ತದೆ. ಮೊದಲು ಎಲೆಕ್ಟ್ರಿಶಿಯನ್ ಕರೆಸಿ. ಎಲ್ಲ ಉಪಕರಣವೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಹೋಗಲಿ. ಇನ್ವರ್ಟರ್ ಸೈನ್ ವೇವ್‌ನದ್ದೇ ಇರಲಿ, ಸ್ಕ್ವೇರ್ ವೇವ್ ಆದರೆ ಗಿಟಾರಿನಲ್ಲಿ ಝರ್ ಅನ್ನುತ್ತದೆ. ಟೇಕ್ ತಗೊಳ್ಳುವಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಬಿಟ್ಟು ನೋಡಿ, ಅರ್ಧ ಹಮ್ ಅಲ್ಲೇ ಹೋಗಬಹುದು.

ಹೆಡ್‌ಫೋನ್ ಮುಚ್ಚಿದ ಬೆನ್ನಿನದ್ದೇ ಬೇಕು, ಇಲ್ಲದಿದ್ದರೆ ತಾಳಕ್ಕೆ ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್ ಟ್ರ್ಯಾಕ್ ಮೈಕಿಗೆ ಸೋರುತ್ತದೆ. ನಾಲ್ಕು ಜನ ಕೇಳಬೇಕಾದರೆ ಬೆರಿಂಜರ್ ಎಚ್‌ಎ400 ತರಹದ ಚಿಕ್ಕ ಹೆಡ್‌ಫೋನ್ ಆಂಪ್ ಒಂದು. ಬ್ಲೂಟೂತ್ ಸುತಾರಾಂ ಬೇಡ, ಸದ್ದು ತಡವಾಗಿ ಬಂದು ತಾಳ ಕೆಡುತ್ತದೆ. ಸಾಫ್ಟ್‌ವೇರ್‌ಗೆ ರೀಪರ್ 60 ದಿನ ಪುಕ್ಕಟೆ ಬಳಸಿ ನೋಡಬಹುದು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಎಂಟು ಟ್ರ್ಯಾಕಿನ ಐದು ನಿಮಿಷದ ಹಾಡು ಸುಮಾರು 345 ಎಂಬಿ ಅಷ್ಟೇ.

ಮಾನಿಟರ್ ಸ್ಪೀಕರ್ ಕೊನೆಗೆ. ಸ್ಟೇಜ್ ಸ್ಪೀಕರ್ ಮೇಲೆ ಮಿಕ್ಸ್, ಅಂದರೆ ಎಲ್ಲ ಟ್ರ್ಯಾಕ್ ಹದವಾಗಿ ಕೂಡಿಸುವ ಕೆಲಸ, ಮಾಡಬೇಡಿ, ಅವು ಜೋರಿಗೆ ಮಾಡಿದವು, ನಿಜ ಹೇಳುವುದಕ್ಕಲ್ಲ. ಯಮಹಾ ಎಚ್‌ಎಸ್5 ತಗೊಳ್ಳುವಷ್ಟು ದುಡ್ಡು ಕೂಡುವವರೆಗೆ ಹೆಡ್‌ಫೋನ್‌ನಲ್ಲೇ ಮಿಕ್ಸ್ ಮಾಡಿ, ಒಮ್ಮೆ ಕಾರಿನಲ್ಲಿ, ಒಮ್ಮೆ ಮೊಬೈಲ್‌ನಲ್ಲಿ ಕೇಳಿ. ಮೊಬೈಲ್‌ನಲ್ಲಿ ಬೇಸ್ ಗಿಟಾರ್ ಪೂರ್ತಿ ಮಾಯವಾದರೆ ವಾಲ್ಯೂಮ್ ಏರಿಸಬೇಡಿ, ಅದರ ನಡುವಿನ ಸ್ವರಗಳನ್ನು, 700 ಹರ್ಟ್ಸ್ ಆಸುಪಾಸು, ಸ್ವಲ್ಪ ಎತ್ತಿ ಮತ್ತೆ ಕೇಳಿ.