ಗ್ರೈಂಡರ್ ಬರ್‌ನ ಬುಷ್ ತೆಗೆಯಲು ಸುತ್ತಿಗೆ ಬೇಡ

ಕೈಯಲ್ಲಿ ತಿರುಗಿಸುವ ಕೆಲವು ಕಾಫಿ ಗ್ರೈಂಡರ್‌ಗಳಲ್ಲಿ, ಬೀಜ ಅರೆಯುವ, ಹಲ್ಲಿರುವ ಉಕ್ಕಿನ ಒಳ ಬರ್‌ಗೂ ಅದರ ನಡುವಿನ ದಂಡಕ್ಕೂ ಮಧ್ಯೆ ಹಿತ್ತಾಳೆಯ ಉಂಗುರವೊಂದನ್ನು ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಗ್ಯಾರೇಜ್ ಭಾಷೆಯಲ್ಲಿ ಅದು ಬುಷ್. ಅದು ಸವೆದರೆ ಬರ್ ಓಲಾಡುತ್ತದೆ. ರವೆಯಂಥ ಪುಡಿಯೂ ಹಿಟ್ಟಿನಂಥ ಪುಡಿಯೂ ಒಟ್ಟಿಗೇ ಬೀಳುತ್ತವೆ. ಆ ಹಿಟ್ಟು ಫಿಲ್ಟರ್‌ನ ತೂತುಗಳನ್ನು ಮುಚ್ಚಿ ಡಿಕಾಕ್ಷನ್ ಇಳಿಯದಂತೆ ಮಾಡುತ್ತದೆ. ಹೊಸ ಬುಷ್ ಹಾಕಿದರೆ ಸರಿಹೋಗುತ್ತದೆ. ಆದರೆ ಹಳೆಯದನ್ನು ತೆಗೆಯುವಾಗಲೇ ಬಹಳ ಜನ ಬರ್ ಹಾಳು ಮಾಡಿಕೊಳ್ಳುತ್ತಾರೆ.

ಗ್ರೈಂಡರ್ ಬಿಚ್ಚಿ, ಸ್ಪ್ರಿಂಗು ವಾಷರುಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಡಿ. ಒಣಗಿ ಅಂಟಾದ ಕಾಫಿ ಎಣ್ಣೆಯನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಈಗ ಬುಷ್ಷಿನ ಎರಡೂ ತುದಿಗಳನ್ನು ಟಾರ್ಚ್ ಹಿಡಿದು ನೋಡಿ. ಒಂದು ಕಡೆ ಅಂಚು ಅಗಲವಾಗಿದ್ದರೆ, ಅಥವಾ ತೂತಿನೊಳಗೆ ಮೆಟ್ಟಿಲಿನಂಥ ತಡೆ ಇದ್ದರೆ, ಬುಷ್ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಎದುರು ದಿಕ್ಕಿನಲ್ಲಿ ಎಷ್ಟು ಒತ್ತಿದರೂ ಹೊರಬರುವುದಿಲ್ಲ, ಬರ್ ಸೀಳುತ್ತದೆ. ಅಂಚಿನ ಸುತ್ತ ಹಸಿರು ಅಥವಾ ಕೆಂಪು ಅಂಟಿನ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಗಟ್ಟಿ ಅಂಟು ಬಿಡಲು ಸುಮಾರು 250 ಡಿಗ್ರಿ ಶಾಖ ಬೇಕು. ಅಷ್ಟರಲ್ಲಿ ಬರ್ ಉಕ್ಕಿನ ಹದ ಕೆಟ್ಟು ಹಲ್ಲು ಮೆತ್ತಗಾಗುತ್ತದೆ. ಬರ್ ಸಮೇತ ಬದಲಿಸುವುದೇ ಸರಿ.

ಗ್ಯಾಸ್ ಒಲೆಯ ಮೇಲೆ ಕಾಯಿಸಿ ಸಡಿಲಿಸುವ ಸಲಹೆಯನ್ನು ಇಲ್ಲಿ ಕೇಳಲೇಬೇಡಿ. ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುವ ಲೋಹ. ಕಾಯಿಸಿದರೆ ಒಳಗಿನ ಬುಷ್ ಇನ್ನೂ ಬಿಗಿಯುತ್ತದೆ. ಮಾಡಬೇಕಾದ್ದು ತಣಿಸುವುದು. ಬರ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೈನಸ್ 18ರ ಫ್ರೀಜರ್‌ನಲ್ಲಿ 2 ಗಂಟೆ ಇಡಿ. ಹೊರ ಅಳತೆ 12 ಮಿ.ಮೀ. ಇರುವ ಬುಷ್ ಬರ್‌ಗಿಂತ ಕುಗ್ಗುವುದು 0.005 ಮಿ.ಮೀ.ನಷ್ಟೂ ಇಲ್ಲ, ಆದರೂ ಮೊದಲ ಬಿಗಿ ಬಿಡಲು ಅಷ್ಟು ನೆರವಾಗುತ್ತದೆ.

ಎಳೆಯಲು ಬೇಕಾದ್ದು ಪೂರ್ತಿ ಥ್ರೆಡ್ ಇರುವ 80 ಮಿ.ಮೀ. ಉದ್ದದ ಎಂ6 (6 ಮಿ.ಮೀ. ದಪ್ಪದ) ಬೋಲ್ಟ್, ಒಂದು ನಟ್ಟು, ಒಂದು ಸಣ್ಣ ವಾಷರ್, ಒಂದು ದೊಡ್ಡ ವಾಷರ್, ಒಂದು 14 ಮಿ.ಮೀ. ಸಾಕೆಟ್ (ನಟ್ಟು ತಿರುಗಿಸುವ ಕೊಳವೆಯಂಥ ಸಾಧನ). ಸಣ್ಣ ವಾಷರ್ ಬುಷ್ಷನ್ನು ಮಾತ್ರ ತಳ್ಳಬೇಕು, ಬರ್‌ನ ತೂತಿನೊಳಗೆ ಸಲೀಸಾಗಿ ಇಳಿಯಬೇಕು. ಎಂ6 ವಾಷರ್‌ನ ಹೊರ ಅಳತೆ 12 ಮಿ.ಮೀ. ಇರುವುದರಿಂದ 12ರ ಬುಷ್ಷಿಗೆ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಅರದಿಂದ ಉಜ್ಜಿ 11.5ಕ್ಕೆ ಇಳಿಸಿ, ವರ್ನಿಯರ್‌ನಲ್ಲಿ ನಾಲ್ಕು ಕಡೆ ಅಳೆಯಿರಿ. ಈ ಐದು ನಿಮಿಷದ ಕೆಲಸ ಬಿಟ್ಟವರೇ ತೂತಿನ ಗೋಡೆ ಗೀರಿಸಿಕೊಳ್ಳುವುದು.

ಸಣ್ಣ ವಾಷರ್ ಪೋಣಿಸಿದ ಬೋಲ್ಟನ್ನು, ಬುಷ್ ಯಾವ ಕಡೆಯಿಂದ ಹೊರಬರಬೇಕೋ ಅದರ ಎದುರು ಕಡೆಯಿಂದ ತೂರಿಸಿ. ಹೊರಬರುವ ಕಡೆ ಸಾಕೆಟ್ಟಿನ ಬಾಯಿಯನ್ನು ಬರ್‌ನ ಚಪ್ಪಟೆ ಮುಖದ ಮೇಲೆ ಕೂರಿಸಿ. ಹಲ್ಲಿನ ಮೇಲೆ ಕೂತರೆ ಹಲ್ಲು ಚಕ್ಕೆ ಏಳುತ್ತದೆ. ಸಾಕೆಟ್ಟಿನ ಹಿಂಬದಿಗೆ ದೊಡ್ಡ ವಾಷರ್, ಅದರ ಮೇಲೆ ನಟ್ಟು. ಥ್ರೆಡ್ಡಿಗೆ ಒಂದು ಹನಿ ಎಣ್ಣೆ ಬಿಡಿ. ಬೋಲ್ಟಿನ ತಲೆಯನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು ಇನ್ನೊಂದರಿಂದ ನಟ್ಟನ್ನು ಕಾಲು ಸುತ್ತು ತಿರುಗಿಸಿ. ಬುಷ್ ಸರಿಯುವುದು 0.25 ಮಿ.ಮೀ. ಮಾತ್ರ. ಮೊದಲು ಸಣ್ಣಗೆ ಟಕ್ ಎಂದು ಸದ್ದಾಗಿ ಬಿಗಿ ಬಿಡುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಒಂದೇ ಸಮನಾದ ಬಿಗಿ ಸಿಗಬೇಕು. ಇದ್ದಕ್ಕಿದ್ದಂತೆ ಬಿಗಿ ಏರಿದರೆ ಬುಷ್ ಓರೆಯಾಗಿದೆ ಎಂದರ್ಥ. ನಟ್ಟು ಸಡಿಲಿಸಿ, ಸಾಕೆಟ್ ನೇರ ಮಾಡಿ ಮತ್ತೆ ಶುರುಮಾಡಿ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎರಡು ಕಾಲಿನ ಪುಲ್ಲರ್ (ಬಿಗಿದ ಭಾಗ ಎಳೆದು ತೆಗೆಯುವ ಸಾಧನ) ಕೊಳ್ಳಬೇಡಿ. ಅದರ ಕಾಲು ಈ ತೂತಿನೊಳಗೆ ಹೋಗುವುದೇ ಇಲ್ಲ. ಸ್ಕ್ರೂಡ್ರೈವರ್ ಇಟ್ಟು ಹೊಡೆಯುವುದೂ ಬೇಡ, ಒಂದೇ ಬದಿಗೆ ಪೆಟ್ಟು ಬಿದ್ದು ಬುಷ್ ಅಡ್ಡ ಸಿಕ್ಕಿಕೊಳ್ಳುತ್ತದೆ.

ಬುಷ್ ಬಂದ ಮೇಲೆ ಬರ್‌ನ ಮೇಲಿನ ತೇವ ತಕ್ಷಣ ಒರೆಸಿ, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ತೂತಿನಲ್ಲಿ ಗೀರು ಕಂಡರೆ 1000 ನಂಬರ್ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ. ಹೊಸ ಬುಷ್ಷನ್ನು ಮಾತ್ರ ಫ್ರೀಜರ್‌ನಲ್ಲಿಟ್ಟು, ಅದೇ ಬೋಲ್ಟಿನಿಂದ ಒತ್ತಿ ಕೂರಿಸಿ. ಜೋಡಿಸಿದ ಮೇಲೆ 10 ಗ್ರಾಂ ಹಳೆಯ ಬೀಜ ಅರೆದು ಆ ಪುಡಿಯನ್ನು ಚೆಲ್ಲಿ, ಲೋಹದ ಚೂರು ಅದರಲ್ಲೇ ಹೋಗುತ್ತದೆ.