ಗೇಟಿನ ಸೀಲು ನಂಬಿ ಮನೆಗೆ ಹೋಗಬೇಡಿ

ಬೈಕಂಪಾಡಿ, ಮಣಿಪಾಲದ ಕಡೆ ಸಣ್ಣ ಘಟಕ ನಡೆಸುವವರಿಗೆ ಒಂದು ಮಾತು. ಗೇರುಬೀಜದ ಕಾರ್ಖಾನೆಯೊಂದಕ್ಕೆ ನಾನು ರಟ್ಟಿನ ಪೆಟ್ಟಿಗೆ ಮಾಡಿ ಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ 500 ಪೆಟ್ಟಿಗೆ ಇಳಿಸಿ, ಮಾಲಿನ ಜೊತೆ ಕಳಿಸುವ ಚಲನ್‌ಗೆ ಗೇಟಿನಲ್ಲಿ ಸೀಲು ಹಾಕಿಸಿಕೊಂಡು ಬಂದೆ. ಎರಡು ತಿಂಗಳಾದರೂ ಹಣವಿಲ್ಲ. ಕೇಳಿದರೆ, "ನಿಮ್ಮ ಜಿಆರ್‌ಎನ್ 488ಕ್ಕೆ ಉಂಟಲ್ಲ ಮಾರಾಯ್ರೇ!" 12 ಪೆಟ್ಟಿಗೆ ಒದ್ದೆಯಾಗಿತ್ತಂತೆ.

ಸೀಲು ಅಂದರೆ ಲಾರಿ ಒಳಗೆ ಹೋಯಿತು, ಅಷ್ಟೇ. ಜಿಆರ್‌ಎನ್ ಅಂದರೆ ಸ್ಟೋರಿನವರು ಎಣಿಸಿ, ಪರೀಕ್ಷಿಸಿ, ಇಷ್ಟು ಮಾಲು ಸರಿಯಾಗಿ ಬಂದಿದೆ ಎಂದು ಬರೆಯುವ ಚೀಟಿ. ಅಕೌಂಟ್ಸಿನವರು ಪರ್ಚೇಸ್ ಆರ್ಡರ್, ಜಿಆರ್‌ಎನ್, ಬಿಲ್ಲು ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಒಂದು ಅಂಕಿ ಹೊಂದದಿದ್ದರೂ ಬಿಲ್ಲು ಬದಿಗೆ ಬೀಳುತ್ತದೆ. 12 ಪೆಟ್ಟಿಗೆಗೆ ಕ್ರೆಡಿಟ್ ನೋಟ್, ಅಂದರೆ ಅವುಗಳ ಹಣ ಬಿಲ್ಲಿನಿಂದ ಕಳೆದ ಚೀಟಿ, ಕೊಟ್ಟ ಮೇಲೆಯೇ ನನ್ನದು ಪಾಸಾಯಿತು. ಈಗ ಜಿಆರ್‌ಎನ್ ಪ್ರತಿ ಕೈಗೆ ಬಾರದೆ ಬಿಲ್ಲು ಬರೆಯುವುದೇ ಇಲ್ಲ.

"30 ದಿನ ಕ್ರೆಡಿಟ್", ಅಂದರೆ ಹಣ ಕೊಡಲು 30 ದಿನದ ಗಡುವು, ಯಾವ ದಿನದಿಂದ ಎಂದು ಆರ್ಡರಿನಲ್ಲೇ ಬರೆಸಿ. ಬಿಲ್ಲಿನ ತಾರೀಕಿಗೂ ಜಿಆರ್‌ಎನ್ ತಾರೀಕಿಗೂ ವಾರಗಟ್ಟಲೆ ಅಂತರ ಇರಬಹುದು.

ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಇನ್ನೂ ಮಾಡಿಸದಿದ್ದರೆ ದಯವಿಟ್ಟು ಮಾಡಿಸಿ, ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕಿರು ಮತ್ತು ಸಣ್ಣ ಉತ್ಪಾದಕರಿಗೆ, ಲಿಖಿತ ಒಪ್ಪಂದವಿದ್ದರೂ ಮಾಲು ಒಪ್ಪಿಕೊಂಡ ಮೇಲೆ ಹಣ ಕೊಡುವುದು 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾನು ನೋಂದಣಿ ಸಂಖ್ಯೆಯನ್ನು ಬಿಲ್ಲಿನ ತಲೆಯಲ್ಲೇ ಅಚ್ಚು ಹಾಕಿಸಿದ್ದೇನೆ.