ಮರಗಪ್ಪೆಗೆ ನೀರು ಎಷ್ಟು, ಎಂಥದ್ದು

ಕಪ್ಪೆ ಅಂದಮೇಲೆ ಪೆಟ್ಟಿಗೆ ಸದಾ ತೊಯ್ದಿರಬೇಕು ಎಂದುಕೊಳ್ಳುವುದೇ ವೈಟ್ಸ್ ಮರಗಪ್ಪೆ ಸಾಕುವವರ ಮೊದಲ ತಪ್ಪು. ಆಸ್ಟ್ರೇಲಿಯಾ, ನ್ಯೂಗಿನಿ ಮೂಲದ ಈ ಕಪ್ಪೆ ದೀರ್ಘ ಒಣಗಾಲದ ಸೀಮೆಯಲ್ಲೂ ಬಾಳುತ್ತದೆ. ಅಲ್ಲಿ ಮಳೆನೀರಿನ ತೊಟ್ಟಿ, ಮನೆಯ ಕಮೋಡಿನಲ್ಲೂ ಕೂತಿರುತ್ತದೆ. ನಾನು ಸಾಕುವುದು ಅಮೆರಿಕದಲ್ಲಿ. ಕಾಡಿನಿಂದ ಹಿಡಿದವನ್ನಲ್ಲ, ಸಾಕಣೆಯಲ್ಲೇ ಹುಟ್ಟಿದವನ್ನು ತರುತ್ತೇನೆ.

ಎರಡು ಕಪ್ಪೆಗೆ 18 ಇಂಚು ಉದ್ದ, 18 ಅಗಲ, 24 ಎತ್ತರದ ಗಾಜಿನ ಪೆಟ್ಟಿಗೆ, ಮೇಲೆ ಜಾಲರಿ ಮುಚ್ಚಳ. ಕಪ್ಪೆಗಳ ಗಾತ್ರದಲ್ಲಿ ಹೆಚ್ಚುಕಡಿಮೆ ಇದ್ದರೆ ದೊಡ್ಡದು ಚಿಕ್ಕದನ್ನು ನುಂಗಿಬಿಡುತ್ತದೆ. ತಳಕ್ಕೆ ಎರಡು ಇಂಚು ಕೋಕೋಪೀಟ್ (ತೆಂಗಿನ ನಾರಿನ ಪುಡಿ): ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಜಲ್ಲಿ ಬೇಡವೇ ಬೇಡ. ಹುಳುವಿನ ಜೊತೆ ನುಂಗಿದ ಕಲ್ಲು ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಹತ್ತಲು ದಪ್ಪ ಕೊಂಬೆ, ಮರೆಗೆ ಮನಿಪ್ಲಾಂಟ್ ಸಾಕು.

ಸಂಜೆ ಒಮ್ಮೆ ಸಿಂಪಡಿಸುತ್ತೇನೆ. ಬೆಳಗ್ಗೆ ಗಾಜು ಒಣಗಿರಬೇಕು, ಆರ್ದ್ರತೆ ಶೇ. 50–60. ಗಾಳಿಯಾಡದೆ ಸದಾ ಒದ್ದೆಯಿದ್ದರೆ ಬ್ಯಾಕ್ಟೀರಿಯಾ ಬೆಳೆದು ಚರ್ಮ ಹುಣ್ಣಾಗುತ್ತದೆ. ತೊಡೆಯ ಒಳಭಾಗ ಕೆಂಪಾದರೆ ಕಾಯದೆ ವೈದ್ಯರಿಗೆ ತೋರಿಸಿ.

ಕಪ್ಪೆ ಕೂರಲು ಒಳಗಿಡುವ ಬಟ್ಟಲ ನೀರಿನದು ಬೇರೆಯೇ ಲೆಕ್ಕ. ಕಪ್ಪೆ ಬಾಯಿಂದ ಕುಡಿಯುವುದಿಲ್ಲ, ಹೊಟ್ಟೆಯಡಿಯ ತೆಳು ಚರ್ಮದಿಂದ ಹೀರುತ್ತದೆ. ನೀರಿನಲ್ಲಿ ಏನಿದೆಯೋ ಅದೂ ಒಳಗೆ ಹೋಗುತ್ತದೆ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಕ್ಲೋರಮಿನ್ (ಕ್ಲೋರಿನ್, ಅಮೋನಿಯ ಸೇರಿದ್ದು) ಹಾಗೆ ಹೋಗುವುದಿಲ್ಲ. ಇಲ್ಲಿನ ಎಷ್ಟೋ ಊರುಗಳ ನೀರಿಗೆ ಹಾಕುವುದು ಅದನ್ನೇ. ಎರಡನ್ನೂ ಕಳೆಯುವ ಡಿಕ್ಲೋರಿನೇಟರನ್ನು ಅಕ್ವೇರಿಯಂ ಅಂಗಡಿಯಿಂದ ತಂದು, ಬಾಟಲಿಯ ಮೇಲಿನ ಅಳತೆಯಂತೆ ಬೆರೆಸುತ್ತೇನೆ. ಡಿಸ್ಟಿಲ್ಡ್ (ಭಟ್ಟಿ ಇಳಿಸಿದ) ನೀರು ಸಿಂಪಡಿಸಲು ಒಳ್ಳೆಯದು, ಗಾಜಿಗೆ ಬಿಳಿ ಕಲೆ ಕೂರದು. ಬಟ್ಟಲಿಗೆ ಮಾತ್ರ ಬೇಡ: ಲವಣವೇ ಇಲ್ಲದ ನೀರಿನಲ್ಲಿ ಕೂತ ಕಪ್ಪೆ ತನ್ನ ಮೈಯ ಲವಣ ಕಳೆದುಕೊಳ್ಳುತ್ತದೆ. ಕೂತಾಗ ಗಲ್ಲ ಮುಳುಗದಷ್ಟು ಆಳ ಸಾಕು. ಹಿಕ್ಕೆ ಹಾಕುವುದೂ ಅಲ್ಲೇ, ಹಾಗಾಗಿ ನೀರು ದಿನಾ ಬದಲು.

ಹಗಲು 26 ಡಿಗ್ರಿ, ರಾತ್ರಿ 21. ಬಿಸಿ ಬಲ್ಬು ಜಾಲರಿಯ ಹೊರಗೇ ಇರಲಿ, ಒಳಗಿದ್ದರೆ ಅದಕ್ಕೂ ಅಂಟಿಕೊಂಡು ಸುಟ್ಟುಕೊಳ್ಳುತ್ತದೆ. ಕಡಿಮೆ ಶಕ್ತಿಯ ಯುವಿಬಿ (ನೇರಳಾತೀತ ಕಿರಣದ) ದೀಪವನ್ನೂ ಜಾಲರಿಯ ಮೇಲೆಯೇ ಇಡಿ. ಗಾಜಿನ ಮೂಲಕ ಯುವಿಬಿ ದಾಟುವುದಿಲ್ಲ.

ಊಟಕ್ಕೆ ಕ್ರಿಕೆಟ್ ಹುಳು, ಕಪ್ಪೆಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಲ್ಲ. ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಸಲ, ಐದಾರು. ಹಿಂದಿನ ದಿನ ಹುಳುಗಳಿಗೆ ಕ್ಯಾರೆಟ್, ಸೊಪ್ಪು ತಿನ್ನಿಸಿ, ಕೊಡುವಾಗ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸುತ್ತೇನೆ. ಎರಡು ವಾರಕ್ಕೊಮ್ಮೆ ಮಲ್ಟಿವಿಟಮಿನ್. ಕ್ಯಾಲ್ಸಿಯಂ ತಪ್ಪಿದರೆ ಕೆಳದವಡೆ ರಬ್ಬರಿನಂತೆ ಮೆತ್ತಗಾಗಿ, ಕಾಲು ನಡುಗುತ್ತವೆ. ಉಳಿದ ಹುಳು ಬೆಳಗ್ಗೆ ತೆಗೆಯಲೇಬೇಕು, ಮಲಗಿದ ಕಪ್ಪೆಯ ಚರ್ಮವನ್ನೇ ಅವು ಕಚ್ಚುತ್ತವೆ. ಹಾಕಿದಷ್ಟೂ ತಿನ್ನುವ ಹೊಟ್ಟೆಬಾಕ ಇದು. ಕಿವಿಯ ಮೇಲಿನ ಮಡಿಕೆ ಜೋತು ಕಣ್ಣಿಗೆ ಅಡ್ಡ ಬಂದರೆ ಅರ್ಧ ಊಟ.

ತಣ್ಣಗಿದ್ದಾಗ ಹಸಿರು ಕಂದಾಗುವುದು, ಬಾಯಿ ಕಳೆದು ಆಕಳಿಸುತ್ತ ತನ್ನ ಪೊರೆಯನ್ನೇ ತಿನ್ನುವುದು ರೋಗವಲ್ಲ. ಊಟ ಬಿಟ್ಟು, ಹಗಲಲ್ಲೂ ನೆಲಕ್ಕಿಳಿದು ಕೂತು, ಪದೇ ಪದೇ ಪೊರೆ ಬಿಟ್ಟರೆ ಕಪ್ಪೆಯಿಂದ ಕಪ್ಪೆಗೆ ಹರಡುವ, ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಇರಬಹುದು. ಅದಕ್ಕೇ ಹೊಸ ಕಪ್ಪೆಯನ್ನು ಕನಿಷ್ಠ 30 ದಿನ ಬೇರೆ ಡಬ್ಬದಲ್ಲಿ, ಒದ್ದೆ ಟಿಶ್ಯೂ ಹಾಳೆಯ ಮೇಲೆ ಇಡುತ್ತೇನೆ. ಆ ಡಬ್ಬದ ಕೆಲಸ ಕೊನೆಗೆ, ಹಳೆಯವುಗಳ ಊಟ, ನೀರು ಮುಗಿದ ಮೇಲೆ.